ಮಗ ‘ಶರಾವತಿ ಉಳಿಸಿ’ ಪಟ್ಟಿ ಕಟ್ಟಿ ಆಡಿದರೆ ಒಪ್ಪಂದ ಹೋಗುತ್ತಾ?

ಪ್ರಶ್ನೆ: ನಾವು ಸಾಗರ ತಾಲ್ಲೂಕಿನವರು. ನಮ್ಮ ಮಾವನವರ ಜಮೀನು ಲಿಂಗನಮಕ್ಕಿ ಹಿನ್ನೀರಿನಲ್ಲಿ ಹೋಯಿತು. ಬದಲಿಗೆ ಕೊಟ್ಟ ಜಾಗಕ್ಕೆ ಇವತ್ತಿಗೂ ಸರಿಯಾದ ಹಕ್ಕುಪತ್ರ ಇಲ್ಲ. ಮಗನಿಗೆ 22 ವರ್ಷ. ಕಬಡ್ಡಿಯಲ್ಲಿ ರೈಡರ್. ಈ ವರ್ಷ ಮೊದಲ ಸಲ ಒಂದು ಲೀಗ್ ತಂಡ ಅವನನ್ನು ತೆಗೆದುಕೊಂಡಿದೆ. ಟಿವಿಯಲ್ಲಿ ಬರುವ ಪಂದ್ಯದಲ್ಲಿ ‘ಶರಾವತಿ ಉಳಿಸಿ’ ಅಂತ ಬರೆದ ಕಪ್ಪು ಪಟ್ಟಿಯನ್ನು ತೋಳಿಗೆ ಕಟ್ಟಿ ಆಡುತ್ತೇನೆ ಅಂತಾನೆ. ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ, ಮತ್ತೆ ಕೆಳಗೆ ಬಿಟ್ಟು ವಿದ್ಯುತ್ ಮಾಡುವ) ಯೋಜನೆ ಬೇಡ ಅಂತ ಅವನು ಹಾಕಿದ್ದ ಒಂದು ಪೋಸ್ಟನ್ನು ತೆಗೆಯಲು ತಂಡದವರು ಈಗಾಗಲೇ ಹೇಳಿದ್ದಾರೆ. ಊರಿನಲ್ಲಿ ಕೆಲವರು, ‘ಸಂವಿಧಾನವೇ ಹಕ್ಕು ಕೊಟ್ಟಿದೆ, ಯಾರೂ ಏನೂ ಮಾಡೋಕಾಗಲ್ಲ’ ಅಂತಾರೆ. ಅವನ ಹಳೆಯ ಕೋಚ್, ‘ಅಮೆರಿಕದಲ್ಲಿ ಮಂಡಿಯೂರಿದವನನ್ನೇ ಲೀಗ್ ಹೊರಗೆ ಹಾಕಿತು, ನಿನ್ನನ್ನು ಬಿಡ್ತಾರಾ’ ಅಂತ ಹೆದರಿಸಿದ್ದಾರೆ. ಮುಂದೆ ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯೋ ಪೊಲೀಸೋ ಒಂದು ಕೆಲಸ ಆದರೆ ಸಾಕು ಅಂತ ನಮ್ಮ ಆಸೆ. ಅವನನ್ನು ತಡೆಯಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತದೆ. ಮಗನ ಒಪ್ಪಂದ ಹೋದೀತು ಎನ್ನುವುದನ್ನು ನೀವೇ ಬರೆದಿದ್ದೀರಿ. ಮುಳುಗಡೆಯ ನೋವು ಉಂಡ ಮನೆಯವರೇ ‘ಸುಮ್ನಿರು’ ಅಂದರೆ ಅವನಿಗೆ ಹೇಗಾದೀತು ಎನ್ನುವುದನ್ನು ಬರೆದಿಲ್ಲ. ಆದರೆ ಅದೂ ಇದೆ ಅಂತ ನನಗೆ ಅನಿಸಿತು.

ನಾನು ಶಿವಮೊಗ್ಗದಲ್ಲಿ ವಕೀಲ. ಆಟಗಾರರ ಒಪ್ಪಂದ ಓದಿ ಹೇಳುವ ಕೆಲಸವನ್ನು ಹದಿನೈದು ವರ್ಷದಿಂದ ಮಾಡುತ್ತಿದ್ದೇನೆ. ನವುಲೆ ಮೈದಾನದ ಕ್ರಿಕೆಟ್ ಹುಡುಗರು, ಭದ್ರಾವತಿಯ ಕಬಡ್ಡಿ ಹುಡುಗರು, ತೀರ್ಥಹಳ್ಳಿ ಕಡೆಯ ವಾಲಿಬಾಲ್ ಆಟಗಾರರು ದಪ್ಪನೆಯ ಇಂಗ್ಲಿಷ್ ಕಾಗದ ಹಿಡಿದು ಬರುತ್ತಾರೆ. ಬಹಳ ಸಲ ಸಹಿ ಹಾಕಿ ಆದ ಮೇಲೆ ಬರುತ್ತಾರೆ. ಆ ಅನುಭವದಿಂದ ನೇರವಾಗಿ ಹೇಳುತ್ತೇನೆ. ಯಾರನ್ನೂ ಕೇಳದೆ, ಪಂದ್ಯದ ನಡುವೆ, ಬರಹ ಇರುವ ಪಟ್ಟಿ ಕಟ್ಟುವುದು ನಿಮ್ಮ ಮಗನಿಗೆ ಇರುವ ದಾರಿಗಳಲ್ಲೇ ಜಾಸ್ತಿ ದುಬಾರಿ. ಹಾಗಂತ ಅವನು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ.

ಮೊದಲು ಊರಿನವರ ಮಾತು. ಸಂವಿಧಾನದ 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಟ್ಟಿರುವುದು ನಿಜ. ಆದರೆ ಆ ರಕ್ಷಣೆ ಇರುವುದು ಮುಖ್ಯವಾಗಿ ಸರ್ಕಾರದ ಎದುರು. ಮಾತಾಡಿದ್ದಕ್ಕೆ ಪೊಲೀಸರು ಹಿಡಿದರೆ ಅದನ್ನು ಹಿಡಿದುಕೊಂಡು ಕೋರ್ಟಿಗೆ ಹೋಗಬಹುದು. ಖಾಸಗಿ ತಂಡವೊಂದು ‘ನಮ್ಮ ಜರ್ಸಿ ಹಾಕಿಕೊಂಡಾಗ ಹೀಗೆ ಮಾಡಬಾರದು’ ಅಂದಿದ್ದರೆ, ಅದಕ್ಕೆ ನಿಮ್ಮ ಮಗ ಸಹಿ ಹಾಕಿದ್ದರೆ, ಅಲ್ಲಿ ಮಾತಾಡುವುದು ಒಪ್ಪಂದ. ಭಾರತದ ಕ್ರಿಕೆಟ್ ಮಂಡಳಿ ಅಷ್ಟು ದೊಡ್ಡದು, ದೇಶದ ಹೆಸರಿನಲ್ಲಿ ತಂಡ ಕಳಿಸುತ್ತದೆ. ಆದರೂ ಅದು ಸಂವಿಧಾನದ ಅರ್ಥದಲ್ಲಿ ‘ಸರ್ಕಾರ’ ಅಲ್ಲ ಅಂತ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿತು. ಐವರು ನ್ಯಾಯಮೂರ್ತಿಗಳಲ್ಲಿ ಮೂವರ ಅಭಿಪ್ರಾಯ ಅದು. ಮಂಡಳಿ ಸಾರ್ವಜನಿಕ ಕೆಲಸ ಮಾಡುತ್ತದೆ, ಹಾಗಾಗಿ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಬಹುದು ಅಂತ ಆಮೇಲೆ 2015ರ ತೀರ್ಪು ಸ್ಪಷ್ಟ ಮಾಡಿತು. ಹೀಗೆ ಕ್ರೀಡಾ ಸಂಸ್ಥೆಗಳ ವಿಷಯದಲ್ಲಿ ಬಾಗಿಲು ಅರ್ಧ ತೆರೆದಿದೆ. ಆದರೆ ಒಂದು ಲೀಗಿನ ಖಾಸಗಿ ಮಾಲೀಕರ ತಂಡದ ವಿರುದ್ಧ ಆ ಬಾಗಿಲಲ್ಲಿ ನುಗ್ಗಲು ಹೋದರೆ ಹುಡುಗನ ಆಟದ ವಯಸ್ಸೇ ಕಳೆದುಹೋಗುತ್ತದೆ.

ಇನ್ನು ಕೋಚ್ ಹೇಳಿದ ಅಮೆರಿಕದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಿಮ್ಮ ಮಗನಿಗೆ ಬರಬಹುದಾದ ನಿಜವಾದ ಅಪಾಯ ಇದರಲ್ಲಿದೆ.

ಕಾಲಿನ್ ಕೇಪರ್ನಿಕ್ ಸ್ಯಾನ್ ಫ್ರಾನ್ಸಿಸ್ಕೋದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. 2016ರಲ್ಲಿ ಪಂದ್ಯಕ್ಕೆ ಮುಂಚೆ ರಾಷ್ಟ್ರಗೀತೆ ಬರುವಾಗ ಅವರು ಎದ್ದು ನಿಲ್ಲಲಿಲ್ಲ. ಕಪ್ಪು ಜನರ ಮೇಲೆ ಪೊಲೀಸರ ದೌರ್ಜನ್ಯದ ವಿರುದ್ಧ ಅವರ ಪ್ರತಿಭಟನೆ ಅದು. ಮೊದಲು ಕುಳಿತೇ ಇರುತ್ತಿದ್ದರು. ಸೈನ್ಯದಲ್ಲಿದ್ದು ಬಂದ ಒಬ್ಬ ಮಾಜಿ ಆಟಗಾರರ ಜೊತೆ ಮಾತಾಡಿದ ಮೇಲೆ ಮಂಡಿಯೂರತೊಡಗಿದರು. ಲೀಗ್ ಅವರಿಗೆ ದಂಡ ಹಾಕಲಿಲ್ಲ. ಒಂದೇ ಒಂದು ಪಂದ್ಯಕ್ಕೂ ಅಮಾನತು ಮಾಡಲಿಲ್ಲ. 2017ರ ಮಾರ್ಚ್‌ನಲ್ಲಿ ಅವರೇ ಒಪ್ಪಂದದಿಂದ ಹೊರಬಂದರು, ಇಲ್ಲದಿದ್ದರೆ ತಂಡವೇ ಬಿಡುವುದಿತ್ತು. ಆಮೇಲೆ ಏನಾಯಿತು? 32 ತಂಡಗಳಲ್ಲಿ ಒಂದೂ ಅವರನ್ನು ಸೇರಿಸಿಕೊಳ್ಳಲಿಲ್ಲ. ತಂಡದ ಮಾಲೀಕರೆಲ್ಲ ಸೇರಿ ತನ್ನನ್ನು ದೂರ ಇಟ್ಟಿದ್ದಾರೆ ಅಂತ ಅವರು ದೂರು ಕೊಟ್ಟರು. 2019ರ ಫೆಬ್ರವರಿಯಲ್ಲಿ ಲೀಗ್ ರಾಜಿ ಮಾಡಿಕೊಂಡಿತು, ಷರತ್ತುಗಳನ್ನು ಗುಟ್ಟಾಗಿಟ್ಟರು. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಪೊಲೀಸರ ಕೈಯಲ್ಲಿ ಸತ್ತ ನಂತರ, ಆಟಗಾರರ ಮಾತನ್ನು ಮೊದಲೇ ಕೇಳದೆ ತಪ್ಪು ಮಾಡಿದೆವು ಅಂತ ಲೀಗಿನ ಮುಖ್ಯಸ್ಥರೇ ಒಪ್ಪಿಕೊಂಡರು. ಕೇಪರ್ನಿಕ್ ಮತ್ತೆ ಒಂದು ಪಂದ್ಯವನ್ನೂ ಆಡಲಿಲ್ಲ.

ಆದ್ದರಿಂದ ‘ಲೀಗ್ ಹೊರಗೆ ಹಾಕಿತು’ ಎನ್ನುವುದು ಸರಿಯಲ್ಲ. ಹೊರಗೆ ಹಾಕಿದ್ದರೆ ಒಂದು ಆದೇಶ ಇರುತ್ತಿತ್ತು, ಅದನ್ನು ಪ್ರಶ್ನಿಸಬಹುದಿತ್ತು. ಫೋನ್ ಬರಲಿಲ್ಲ, ಅಷ್ಟೇ. ಬರದ ಫೋನಿನ ಮೇಲೆ ಕೇಸು ಹಾಕುವುದು ಬಹಳ ಕಷ್ಟ.

ಇದನ್ನು ನಾನು ಇಲ್ಲೇ ನೋಡಿದ್ದೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಜಿಲ್ಲೆಯ ಒಬ್ಬ ವಾಲಿಬಾಲ್ ಆಟಗಾರ ಬಹುಮಾನ ತೆಗೆದುಕೊಳ್ಳುವ ಹೊತ್ತಿಗೆ ಊರಿನ ಭೂಮಿ ಹೋರಾಟದ ಟೀ ಶರ್ಟ್ ಹಾಕಿಕೊಂಡು ಹೋದ. ಯಾರೂ ಬೈಯಲಿಲ್ಲ. ಒಬ್ಬ ಸಂಘಟಕರು ಬೆನ್ನು ತಟ್ಟಿದರಂತೆ. ನನ್ನ ಹತ್ತಿರ ಬಂದಾಗ ಕಾಗದವೆಲ್ಲ ನೋಡಿ, ‘ಯಾವ ಷರತ್ತೂ ಮುರಿದಿಲ್ಲ, ಹೆದರಬೇಡ’ ಅಂತ ಹೇಳಿ ಕಳಿಸಿದೆ. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ. ಮುಂದಿನ ಎರಡು ವರ್ಷ ಅವನಿಗೆ ಯಾವ ತಂಡದಿಂದಲೂ ಕರೆ ಬರಲಿಲ್ಲ. ಒಪ್ಪಂದದ ಆಚೆ ಏನಾಗುತ್ತದೆ ಅಂತಲೂ ನಾನು ಅವತ್ತೇ ಹೇಳಬೇಕಿತ್ತು. ನಿಮಗೆ ಇಷ್ಟುದ್ದ ಬರೆಯಲು ಅದೇ ಕಾರಣ.

‘ಆಟದಲ್ಲಿ ರಾಜಕೀಯ ಬೇಡ’ ಅನ್ನುವ ಮಾತನ್ನು ತಂಡದವರು ನಿಮ್ಮ ಮಗನಿಗೂ ಹೇಳಿರುತ್ತಾರೆ. ಅದನ್ನು ಅವನು ಪೂರ್ತಿ ನಂಬಬೇಕಾಗಿಲ್ಲ. 2019ನ್ನು ನೋಡಿ. ಮಾರ್ಚ್ 8ರಂದು ರಾಂಚಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ನಮ್ಮ ಇಡೀ ತಂಡ ಸೈನ್ಯದ ಬಣ್ಣದ ಟೋಪಿ ಹಾಕಿಕೊಂಡು ಆಡಿತು. ಪುಲ್ವಾಮಾದಲ್ಲಿ ಸತ್ತ ಯೋಧರ ನೆನಪಿಗೆ. ಟೋಪಿ ಹಂಚಿದವರು ಧೋನಿ. ಮಂಡಳಿ ಮೊದಲೇ ಕೇಳಿತ್ತು, ಐಸಿಸಿ ಒಪ್ಪಿತ್ತು. ಮೂರು ತಿಂಗಳಾದ ಮೇಲೆ ವಿಶ್ವಕಪ್‌ನಲ್ಲಿ ಅದೇ ಧೋನಿಯವರ ಗ್ಲೌಸ್ ಮೇಲೆ ಸೈನ್ಯದ ‘ಬಲಿದಾನ’ ಚಿಹ್ನೆ ಕಾಣಿಸಿತು. ಐಸಿಸಿ ಅದನ್ನು ತೆಗೆಯಲು ಹೇಳಿತು. ನಮ್ಮ ಮಂಡಳಿ ಕೇಳಿಕೊಂಡರೂ ಬಿಡಲಿಲ್ಲ. ವ್ಯಕ್ತಿ ಒಬ್ಬರೇ, ವಿಷಯವೂ ಹೆಚ್ಚುಕಡಿಮೆ ಒಂದೇ. ಒಂದು ಮೊದಲೇ ಕೇಳಿ ಮಾಡಿದ್ದು, ಇಡೀ ತಂಡದ್ದು. ಇನ್ನೊಂದು ಒಬ್ಬನದು.

ಪರಿಸರದ ವಿಷಯಕ್ಕೂ ಇದೇ ಲೆಕ್ಕ. ಬೆಂಗಳೂರಿನ ಐಪಿಎಲ್ ತಂಡ 2011ರಿಂದ ಪರಿಸರದ ಹೆಸರಿನಲ್ಲಿ ಹಸಿರು ಜರ್ಸಿ ಹಾಕಿ ಆಡುತ್ತಾ ಬಂದಿದೆ. 2021ರ ಐಪಿಎಲ್ ಮೊದಲ ಪಂದ್ಯದಲ್ಲಿ ರೋಹಿತ್ ಶರ್ಮಾ ಘೇಂಡಾಮೃಗ ಉಳಿಸಿ ಅನ್ನುವ ಚಿತ್ರ ಇದ್ದ ಶೂ ಹಾಕಿದ್ದರು. ಯಾರೂ ತಕರಾರು ಮಾಡಲಿಲ್ಲ. ಘೇಂಡಾಮೃಗ ಉಳಿಸಿ ಅಂದರೆ ಯಾವ ಇಲಾಖೆಗೂ ಇರಿಸುಮುರಿಸಿಲ್ಲ. ‘ಶರಾವತಿ ಉಳಿಸಿ’ ಅಂದರೆ ಇದೆ. ಯಾಕೆಂದರೆ ಆ ಮಾತಿನ ಎದುರಿಗೆ 2,000 ಮೆಗಾವ್ಯಾಟಿನ ಒಂದು ಯೋಜನೆ ಇದೆ, ಒಂದು ಸರ್ಕಾರಿ ನಿಗಮ ಇದೆ. ಪರಿಸರದ ಮಾತಿಗೆ ಒಂದು ಹೊಳೆಯ ಹೆಸರು ಸೇರಿದ ಕೂಡಲೇ ಅದು ರಾಜಕೀಯ ಆಗಿಬಿಡುತ್ತದೆ. ನಿಮ್ಮ ಮಗನ ಮಾತಿಗೆ ಬಲ ಬಂದಿರುವುದೂ ಆ ಹೊಳೆಯ ಹೆಸರಿನಿಂದಲೇ ಅಲ್ವಾ?

ಲೀಗಿನವರಿಗೆ ಯಾಕಿಷ್ಟು ಭಯ ಅಂತ ಕೇಳಬಹುದು. ಅವರ ದುಡ್ಡು ಬರುವುದು ಟಿವಿ ಮತ್ತು ಪ್ರಾಯೋಜಕರಿಂದ. ಒಳಾಂಗಣ ಕ್ರೀಡಾಂಗಣ ಬೇಕಾದರೆ, ಪೊಲೀಸ್ ಬಂದೋಬಸ್ತ್ ಬೇಕಾದರೆ ಸರ್ಕಾರದ ಬಾಗಿಲಿಗೇ ಹೋಗಬೇಕು. ಒಬ್ಬನನ್ನು ಬಿಟ್ಟರೆ ನಾಳೆ ಅವನ ಎದುರು ತಂಡದವನು ಇದಕ್ಕೆ ವಿರುದ್ಧವಾದ ಮಾತು ಬರೆದುಕೊಂಡು ಬರುತ್ತಾನೆ, ಆಗ ಏನು ಮಾಡುವುದು ಎನ್ನುವ ಚಿಂತೆಯೂ ಇದೆ. ಈ ಕೊನೆಯದರಲ್ಲಿ ನ್ಯಾಯ ಇದೆ ಅಂತ ನಾನೂ ಒಪ್ಪುತ್ತೇನೆ. ಮೊದಲ ಎರಡು ವ್ಯಾಪಾರದ ಮಾತು.

ಲೀಗಿನ ಜೊತೆ ಜಗಳ ಮಾಡದೆಯೇ ಗಟ್ಟಿಯಾಗಿ ನಿಂತ ಒಬ್ಬರನ್ನು ನಿಮ್ಮ ಮಗ ನೋಡಬೇಕು. ಆಸ್ಟ್ರೇಲಿಯಾದ ಉಸ್ಮಾನ್ ಖವಾಜಾ. 2023ರ ಡಿಸೆಂಬರ್‌ನಲ್ಲಿ ಪರ್ತ್ ಟೆಸ್ಟಿಗೆ ಮುಂಚೆ, ಗಾಜಾದ ಜನರನ್ನು ನೆನೆದು, ‘ಎಲ್ಲ ಜೀವಗಳೂ ಸಮಾನ’ ಅಂತ ಶೂ ಮೇಲೆ ಬರೆದುಕೊಂಡರು. ಐಸಿಸಿ ಬೇಡ ಅಂದಿತು. ಅಕ್ಷರದ ಮೇಲೆ ಟೇಪ್ ಹಚ್ಚಿ ಆಡಿದರು, ತೋಳಿಗೆ ಕಪ್ಪು ಪಟ್ಟಿ ಕಟ್ಟಿದರು. ಅನುಮತಿ ಇಲ್ಲದ ಪಟ್ಟಿ ಅಂತ ಐಸಿಸಿ ಛೀಮಾರಿ ಹಾಕಿತು. ಮುಂದಿನ ಟೆಸ್ಟಿಗೆ ಪಾರಿವಾಳದ ಚಿತ್ರ ಹಾಕಲು ಅನುಮತಿ ಕೇಳಿದರು, ಅದೂ ಸಿಗಲಿಲ್ಲ. ಆಗ ತಮ್ಮ ಇಬ್ಬರು ಹೆಣ್ಣುಮಕ್ಕಳ ಹೆಸರನ್ನು ಶೂ ಮೇಲೆ ಬರೆದುಕೊಂಡು ಬ್ಯಾಟಿಂಗಿಗೆ ಇಳಿದರು. ಅಪ್ಪನ ಶೂ ಮೇಲೆ ಮಕ್ಕಳ ಹೆಸರಿದ್ದರೆ ಯಾರು ಏನು ಹೇಳುತ್ತಾರೆ? ಅಷ್ಟರಲ್ಲಿ ಅವರು ಹೇಳಬೇಕೆಂದಿದ್ದ ಮಾತು ಜಗತ್ತಿಗೆಲ್ಲ ತಲುಪಿತ್ತು. ತಂಡದಲ್ಲಿ ಅವರ ಜಾಗವೂ ಉಳಿಯಿತು. ಆದರೆ ಖವಾಜಾ ಅವರಿಗೆ ಆಗ 37 ವರ್ಷ. ಹೆಸರು ಮಾಡಿದ್ದ ಆರಂಭಿಕ ಆಟಗಾರ. ನಾಯಕ ಬಹಿರಂಗವಾಗಿ ಬೆನ್ನಿಗೆ ನಿಂತಿದ್ದರು. ನಿಮ್ಮ ಮಗನಿಗೆ ಇದು ಮೊದಲ ಸೀಸನ್.

ಇದಕ್ಕಿಂತ ದೊಡ್ಡ ಬೆಲೆ ತೆತ್ತವರೂ ಇದ್ದಾರೆ. 2003ರ ವಿಶ್ವಕಪ್‌ನಲ್ಲಿ ಹರಾರೆಯಲ್ಲಿ ಆಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗಾ ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿದೆ ಅಂತ ಕಪ್ಪು ಪಟ್ಟಿ ಕಟ್ಟಿದರು. ಆ ವಿಶ್ವಕಪ್ ಮುಗಿದ ಮೇಲೆ ಇಬ್ಬರೂ ಮತ್ತೆ ಜಿಂಬಾಬ್ವೆ ಪರ ಆಡಲಿಲ್ಲ. ಒಲಾಂಗಾ ದೇಶ ಬಿಟ್ಟೇ ಹೋಗಬೇಕಾಯಿತು. ಅವರು ಮಾಡಿದ್ದು ಸರಿ ಅಂತಲೇ ನನ್ನ ಭಾವನೆ. ಆದರೆ ಬೆಲೆ ಎಷ್ಟು ಅಂತ ತಿಳಿದೇ ಅವರು ಆ ಪಟ್ಟಿ ಕಟ್ಟಿದ್ದರು.

ನಮ್ಮಲ್ಲಿ 2023ರಲ್ಲಿ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಕುಳಿತದ್ದು ನಿಮಗೆ ನೆನಪಿರಬಹುದು. ಅವರು ಪಂದ್ಯದ ಮ್ಯಾಟ್ ಮೇಲೆ ಏನೂ ಮಾಡಲಿಲ್ಲ. ಬೀದಿಯಲ್ಲಿ, ತಮ್ಮ ಹೆಸರಿನಲ್ಲಿ, ಮೂರ್ನಾಲ್ಕು ದೊಡ್ಡ ಹೆಸರುಗಳು ಜೊತೆಯಾಗಿ ಕುಳಿತವು. ಮೇ 28ರಂದು ಪೊಲೀಸರು ಅವರನ್ನು ಎಳೆದೊಯ್ದಾಗ ನಮ್ಮ ಅನಿಲ್ ಕುಂಬ್ಳೆ ಬೇಸರ ಹೇಳಿಕೊಂಡರು. ಆಡುತ್ತಿದ್ದ ಕ್ರಿಕೆಟಿಗರಲ್ಲಿ ಹೆಚ್ಚಿನವರು ಸುಮ್ಮನಿದ್ದರು. ಕುಂಬ್ಳೆ ಆಗ ನಿವೃತ್ತರು. ಒಪ್ಪಂದ ಇರುವವರ ಬಾಯಿ, ಇಲ್ಲದವರ ಬಾಯಿ ಬೇರೆಬೇರೆ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ಈಗ ನಿಮ್ಮ ಮಗನ ಒಪ್ಪಂದಕ್ಕೆ ಬರೋಣ. ಅದನ್ನು ನಾನು ನೋಡಿಲ್ಲ. ಆದರೆ ಇಂಥವುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕಡೆ ಕಣ್ಣಿಡಬೇಕು. ಬಟ್ಟೆ ಮತ್ತು ಸಲಕರಣೆಯ ಷರತ್ತು ಒಂದು. ತಂಡ ಕೊಟ್ಟದ್ದು ಬಿಟ್ಟು ಮೈಮೇಲೆ ಏನೂ ಕಾಣಬಾರದು ಅಂತ ಇರುತ್ತದೆ. ಕಬಡ್ಡಿಯಲ್ಲಿ ಉಗುರು, ಮೈಗೆ ಹಚ್ಚಿದ ಎಣ್ಣೆ ಎಲ್ಲ ನೋಡಿಯೇ ಒಳಗೆ ಬಿಡುವುದು, ಹಾಗಾಗಿ ಪಟ್ಟಿ ಕಟ್ಟಿದರೂ ಅಂಗಳಕ್ಕೆ ಇಳಿಯುವ ಮೊದಲೇ ಬಿಚ್ಚಿಸುವ ಸಾಧ್ಯತೆ ಜಾಸ್ತಿ. ಎರಡನೆಯದು ‘ಆಟದ ಅಥವಾ ತಂಡದ ಹೆಸರಿಗೆ ಕುಂದು ತರುವ ನಡತೆ’. ಇದು ರಬ್ಬರ್ ಇದ್ದ ಹಾಗೆ, ಎಷ್ಟು ಬೇಕಾದರೂ ಎಳೆಯಬಹುದು. ಮೂರನೆಯದು ಮಾಧ್ಯಮ ಮತ್ತು ಸಾಮಾಜಿಕ ಜಾಲತಾಣ. ನಾಲ್ಕನೆಯದು ರದ್ದು ಮಾಡುವ ಷರತ್ತು. ಮೊದಲು ಎಚ್ಚರಿಕೆ ಪತ್ರ ಕೊಡಬೇಕಾ, ಉತ್ತರಕ್ಕೆ ಸಮಯ ಇದೆಯಾ, ಅಥವಾ ಒಂದೇ ಏಟಿಗೆ ತೆಗೆಯಬಹುದಾ ಅಂತ ಅಲ್ಲಿ ಗೊತ್ತಾಗುತ್ತದೆ. ಮುರಿದರೆ ಇಷ್ಟು ಲಕ್ಷ ಕೊಡಬೇಕು ಅಂತ ಬರೆದಿದ್ದರೆ ನೋಡಿದ ಕೂಡಲೇ ಎದೆ ಒಡೆದುಕೊಳ್ಳಬೇಡಿ. 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಮೇಲಿನ ಮಿತಿ ಅಷ್ಟೇ. ನ್ಯಾಯವಾಗಿ ಎಷ್ಟೋ ಅಷ್ಟನ್ನೇ ಕೊಡಿಸುವುದು.

ತಂಡದವರು ತೆಗೆಯಲು ಹೇಳಿದ ಪೋಸ್ಟ್ ವಿಷಯ. ಅದನ್ನು ಅವರು ಬರವಣಿಗೆಯಲ್ಲಿ ಹೇಳಿದ್ದಾರಾ, ಫೋನಿನಲ್ಲಾ? ಯಾವ ಷರತ್ತಿನ ಪ್ರಕಾರ ಅಂತ ಒಂದು ಸಾಲು ಇಮೇಲ್ ಹಾಕಿ ಕೇಳಲಿ. ಮರ್ಯಾದೆಯಿಂದ, ಜಗಳದ ದನಿ ಇಲ್ಲದೆ. ತಂಡದ ಹೆಸರು, ಜರ್ಸಿ, ಲಾಂಛನ ಇರುವ ಫೋಟೋ ಆ ಪೋಸ್ಟಿನಲ್ಲಿದ್ದರೆ ಅದನ್ನು ಮಾತ್ರ ಕೂಡಲೇ ತೆಗೆಯಲಿ. ಅದು ಅವರ ಸ್ವತ್ತು.

ಪಟ್ಟಿ ಕಟ್ಟಲು ಅನುಮತಿ ಕೇಳಬಹುದಾ? ಕೇಳಬಹುದು. ಬಹುಶಃ ಇಲ್ಲ ಅಂತಾರೆ. ‘ಇಲ್ಲ’ ಅಂದ ಮೇಲೆ ಕಟ್ಟಿದರೆ ಬೇಕಂತಲೇ ಮಾಡಿದ ಹಾಗಾಗುತ್ತದೆ, ಆಗ ತಪ್ಪು ಇನ್ನೂ ದೊಡ್ಡದು. ಇಡೀ ತಂಡ ಒಟ್ಟಾಗಿ ಕೇಳಿದರೆ ಮಾತು ಬೇರೆ. 2020ರಲ್ಲಿ ಅಮೆರಿಕದ ಮಹಿಳಾ ಬ್ಯಾಸ್ಕೆಟ್‌ಬಾಲ್ ಲೀಗಿನ ಅಟ್ಲಾಂಟಾ ತಂಡದ ಆಟಗಾರ್ತಿಯರು, ತಮ್ಮದೇ ತಂಡದ ಸಹ ಮಾಲಕಿ ಚುನಾವಣೆಗೆ ನಿಂತಿದ್ದಾಗ ಎದುರಾಳಿಗೆ ಮತ ಕೊಡಿ ಅಂತ ಬರೆದ ಟೀ ಶರ್ಟ್ ಹಾಕಿಕೊಂಡು ಬಂದರು. ಬೇರೆ ತಂಡದವರೂ ಸೇರಿದರು. ಯಾರೂ ಯಾರನ್ನೂ ತೆಗೆಯಲಾಗಲಿಲ್ಲ. ಅಲ್ಲಿ ಗಟ್ಟಿಯಾದ ಆಟಗಾರರ ಸಂಘ ಇದೆ. ನಮ್ಮಲ್ಲಿ ಕ್ರಿಕೆಟ್‌ಗೆ 2019ರಲ್ಲಿ ಬಂದ ಸಂಘ ಕೂಡ ನಿವೃತ್ತರದ್ದು. ಇದು ನನ್ನನ್ನು ಬಹಳ ಕಾಡುವ ಕೊರತೆ. 22ರ ಹುಡುಗ ಒಬ್ಬನೇ ನಿಲ್ಲಬೇಕಾಗಿ ಬರುವುದು ಇದರಿಂದಲೇ.

ನನ್ನ ಕೇಳಿದರೆ ಅವನಿಗೆ ಬೇರೆ ಎರಡು ದಾರಿ ತೋರಿಸುತ್ತೇನೆ. ಸೀಸನ್ ಮುಗಿದ ಮೇಲೆ ಸಾಗರದಲ್ಲೋ ಶಿವಮೊಗ್ಗದಲ್ಲೋ ಸಭೆ ಇದ್ದರೆ ತನ್ನ ಸ್ವಂತ ಬಟ್ಟೆಯಲ್ಲಿ, ಸ್ವಂತ ಹೆಸರಿನಲ್ಲಿ ಹೋಗಿ ಕುಳಿತುಕೊಳ್ಳಲಿ. ಅನುಮತಿ ಪಡೆದ ಸಭೆಯೇ ಅಂತ ನೋಡಿಕೊಳ್ಳಲಿ. ಜಾಲತಾಣದ ಷರತ್ತು ಸೀಸನ್ ಆಚೆಗೂ ಹಬ್ಬಿದೆಯಾ ಅಂತ ಮೊದಲೇ ತಿಳಿದಿರಲಿ.

ಎರಡನೆಯದು ನನಗೆ ಜಾಸ್ತಿ ಇಷ್ಟವಾದದ್ದು. ಹೊಸ ಆಟಗಾರ ಬಂದರೆ ತಂಡದವರು, ಟಿವಿಯವರು ಒಂದು ಪರಿಚಯದ ವಿಡಿಯೊ ಮಾಡಿಯೇ ಮಾಡುತ್ತಾರೆ. ಊರು ಯಾವುದು, ಮನೆಯಲ್ಲಿ ಯಾರಿದ್ದಾರೆ ಅಂತ ಕೇಳುತ್ತಾರೆ. ಆಗ ಅವನು ಹೇಳಲಿ: ‘ನಾನು ಶರಾವತಿ ಮುಳುಗಡೆ ಕುಟುಂಬದ ಹುಡುಗ. 1964ರಲ್ಲಿ ಅಣೆಕಟ್ಟು ಮುಗಿಯಿತು. ನನ್ನ ಅಜ್ಜನ ಗದ್ದೆ ನೀರಿನಡಿ ಇದೆ. ನಮ್ಮ ಜಾಗಕ್ಕೆ ಇನ್ನೂ ಹಕ್ಕುಪತ್ರ ಇಲ್ಲ.’ ಇದು ಘೋಷಣೆ ಅಲ್ಲ, ಅವನ ಮನೆ ವಿಳಾಸ ಇದ್ದ ಹಾಗೆ. ಇದನ್ನು ಹೇಳಬೇಡ ಅನ್ನಲು ಯಾವ ಷರತ್ತಿಗೂ ಸುಲಭವಾಗಿ ಆಗುವುದಿಲ್ಲ. ಕತ್ತರಿಸಬಹುದು, ಹೌದು. ಆದರೆ ಚೆನ್ನಾಗಿ ರೈಡ್ ಮಾಡುವ ಹುಡುಗನನ್ನು ಮತ್ತೆ ಮತ್ತೆ ಕೇಳುತ್ತಾರೆ, ಎಲ್ಲವನ್ನೂ ಕತ್ತರಿಸಲಾಗದು.

ಕೆಲಸದ ವಿಷಯ ಬೇಗ ಹೇಳುತ್ತೇನೆ. ಒಂದು ಪೋಸ್ಟ್ ಹಾಕಿದ್ದಕ್ಕೆ ಸ್ಪೋರ್ಟ್ಸ್ ಕೋಟಾ ತಪ್ಪುವುದಿಲ್ಲ. ಎಫ್‌ಐಆರ್ ಆದರೆ ಪೊಲೀಸ್ ಪರಿಶೀಲನೆಯಲ್ಲಿ ಬರುತ್ತದೆ. ಆಗಲೂ ಮುಚ್ಚಿಡಬಾರದು. ಸಣ್ಣ ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಕೆಲಸಕ್ಕೆ ಜಾಸ್ತಿ ಕುತ್ತು. ಕೆಲಸಕ್ಕೆ ಸೇರಿದ ಮೇಲೆ ಮಾತ್ರ ನಡತೆ ನಿಯಮಗಳು ಬರುತ್ತವೆ. ಸರ್ಕಾರದ ಯೋಜನೆಯನ್ನು ಬಹಿರಂಗವಾಗಿ ಟೀಕಿಸುವುದು ಆಗ ಕಷ್ಟ. ಅಂದರೆ ಅವನಿಗೆ ಮಾತಾಡುವ ಸ್ವಾತಂತ್ರ್ಯ ಈಗ ಇರುವಷ್ಟು ಆಮೇಲೆ ಇರುವುದಿಲ್ಲ. ಇದನ್ನೂ ಅವನ ಲೆಕ್ಕಕ್ಕೆ ಕೊಡಿ.

ತಡೆಯಬೇಕಾ ಅಂತ ಕೇಳಿದ್ದೀರಿ. ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕಿನವರು ನೀವು. 1951ರಲ್ಲಿ ಅಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ಮನೆಯವರಿಗೂ ಇದೇ ಭಯ ಇದ್ದಿರಬೇಕು. ತಡೆಯಬೇಡಿ. ಜೊತೆಯಲ್ಲಿ ಕುಳಿತು ಒಪ್ಪಂದವನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ. ಇಂಗ್ಲಿಷ್ ಗೊತ್ತಿರುವ ಒಬ್ಬರಿಂದ ಒಂದೊಂದು ಷರತ್ತನ್ನೂ ಕನ್ನಡದಲ್ಲಿ ಹೇಳಿಸಿ, ನೀವೂ ಕೇಳಿಸಿಕೊಳ್ಳಿ. ರದ್ದು ಮಾಡುವ ಷರತ್ತು ಮತ್ತು ವಿವಾದ ಬಂದರೆ ಯಾವ ಊರಿನಲ್ಲಿ ತೀರ್ಮಾನ ಅನ್ನುವ ಪುಟ, ಈ ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಕ್ಯಾಂಪಿಗೆ ಹೋದ ಮೇಲೆ ಅವನಿಗೆ ಇದಕ್ಕೆಲ್ಲ ಸಮಯ ಸಿಗುವುದಿಲ್ಲ. ಬಟ್ಟೆ ತುಂಬಿಕೊಳ್ಳುವ ಮೊದಲೇ ಮುಗಿಸಿ.